ಸಹಾಯ ಬೇಕು: ಜಪಾನೀಸ್‌ನಲ್ಲಿ ‘ಅಥಾರಿಟಿ’ಗೆ ಯಾವ ಪದ ಹಾಕಲಿ?

ಜಪಾನೀಸ್ ಚೆನ್ನಾಗಿ ಬಲ್ಲವರು ಯಾರಾದ್ರೂ ಇದ್ದೀರಾ? ಫ್ಯಾಕ್ಟರಿಯೊಂದರ ಸೇಫ್ಟಿ ಮ್ಯಾನುಯಲ್ ಅನ್ನು ಇಂಗ್ಲಿಷಿನಿಂದ ಜಪಾನೀಸ್‌ಗೆ ಮಾಡುತ್ತಿದ್ದೇನೆ. ‘ಅಥಾರಿಟಿ’ ಅನ್ನೋ ಪದ ಪುಟಪುಟಕ್ಕೂ ಬರುತ್ತದೆ, ಒಂದೊಂದು ಕಡೆ ಒಂದೊಂದು ಅರ್ಥ. ಸರ್ಕಾರಿ ಇಲಾಖೆಯವರು ಅಂದಾಗ ‘ತೋಕ್ಯೊಕು’ ಹಾಕಿದ್ದೇನೆ, ಮ್ಯಾನೇಜರ್ ಒಪ್ಪಿಗೆ ಕೊಡುವ ಅಧಿಕಾರಕ್ಕೆ ‘ಕೆಂಗೆನ್’, ವೆಲ್ಡಿಂಗ್‌ನಲ್ಲಿ ದೊಡ್ಡ ತಜ್ಞ ಅನ್ನುವ ಕಡೆ ‘ಕೆನ್‌ಇ’. ‘ಕೆನ್ರ್ಯೊಕು’ ಅಂತೂ ಬೇಡ, ಅದರಲ್ಲಿ ರಾಜಕೀಯದ ವಾಸನೆ ಜಾಸ್ತಿ.

ಸಿಕ್ಕಿಹಾಕಿಕೊಂಡಿರೋದು ‘ಸ್ಟಾಪ್ ವರ್ಕ್ ಅಥಾರಿಟಿ’ಯಲ್ಲಿ. ಅಪಾಯ ಕಂಡರೆ ಗುತ್ತಿಗೆ ಕೆಲಸಗಾರನೂ ಯಾರನ್ನೂ ಕೇಳದೆ ಕೆಲಸ ನಿಲ್ಲಿಸಬಹುದು ಅನ್ನುವ ನಿಯಮ ಅದು. ಕೆಂಗೆನ್ ಅಂದರೆ ಹುದ್ದೆಯ ಜೊತೆ ಬರುವ ಅಧಿಕಾರ ಅನ್ನಿಸುತ್ತದೆ, ಹೆಲ್ಪರ್ ಹುಡುಗನಿಗೆ ಎಲ್ಲಿಯ ಹುದ್ದೆ? ಹಾಗಂತ ‘ಕೆನ್ರಿ’ ಹಾಕಿದರೆ ಬರೀ ಹಕ್ಕು ಆಗುತ್ತದೆ, ಬೇಕಾದ್ರೆ ಬಳಸು ಇಲ್ಲದಿದ್ರೆ ಬಿಡು ಅನ್ನೋ ಹಾಗೆ. ಟೊಯೋಟಾ ಲೈನಿನಲ್ಲಿ ಕೆಲಸಗಾರರೇ ಹಗ್ಗ ಎಳೆದು ತೊಂದರೆ ಇದೆ ಅಂತ ತಿಳಿಸುತ್ತಾರಲ್ವಾ, ಅಂಥ ಕಡೆ ಇದನ್ನು ಹೇಗೆ ಬರೆಯುತ್ತಾರೆ?

ಜಪಾನೀ ಕಂಪನಿಗಳಲ್ಲಿ ಇರುವವರು ನಿಮ್ಮ ಶಾಪ್ ಫ್ಲೋರ್ ಬೋರ್ಡ್ ಮೇಲೆ ಯಾವ ಪದ ಇದೆ ಅಂತ ಸ್ವಲ್ಪ ನೋಡಿ ಹೇಳಿ. ಸುಮ್ನೆ ಗೂಗಲ್ ಉತ್ತರ ಹಾಕಬೇಡಿ, ಅದನ್ನು ನೋಡಾಯ್ತು. ಶುಕ್ರವಾರ ಒಪ್ಪಿಸಬೇಕು.