ಕಾರ್ಡ್ ಎಪಿಎಲ್ ಆಗಿದೆ, ಅತ್ತೆಗೆ ಹಾರ್ಟ್ ಆಪರೇಷನ್ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ

ದಾವಣಗೆರೆ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ರೇಷನ್ ಕಾರ್ಡ್‌ನಲ್ಲಿ ಏಳು ಜನ ಇದ್ದೇವೆ. ಯಜಮಾನರು ಟೈಲರ್, ನಾನು ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ. ಮೈದುನ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು, ಅವನ ಸಂಬಳದಲ್ಲಿ ಟ್ಯಾಕ್ಸ್ ಹಿಡಿಯುತ್ತಾರೆ. ಅದಕ್ಕೇ ನಿಮ್ಮ ಬಿಪಿಎಲ್ ಹೋಗಿ ಎಪಿಎಲ್ ಆಗಿದೆ ಅಂತ ರೇಷನ್ ಅಂಗಡಿಯವರು ಹೇಳಿದರು. ಈಗ ಅತ್ತೆಗೆ ಹಾರ್ಟ್‌ನಲ್ಲಿ ಬ್ಲಾಕ್ ಇದೆ ಅಂತ ಗೊತ್ತಾಗಿದೆ. ಮೈದುನನ ಹೆಸರು ಮಾತ್ರ ತೆಗೆಸಿದರೆ ಸಾಕಾ, ಇಲ್ಲ ನಾವೇ ಬೇರೆ ಕಾರ್ಡ್ ಮಾಡಿಸಬೇಕಾ? ಎಪಿಎಲ್‌ನಲ್ಲಿ ಆಯುಷ್ಮಾನ್ ಎಷ್ಟು ಕೊಡುತ್ತದೆ? ತುಂಬಾ ಅರ್ಜೆಂಟ್ ಇದೆ.

ಲಗೇಜ್ ಆಟೋ

ಅಕ್ಕ, ಟ್ಯಾಕ್ಸ್ ಅಂದ ತಕ್ಷಣ ನನ್ನ ಹೊಟ್ಟೆ ಉರಿಯುತ್ತದೆ. ನಾನು ಲಗೇಜ್ ಆಟೋ ಓಡಿಸುವವನು. 2023ರಲ್ಲಿ ಗಾಡಿ ಲೋನ್ ಬೇಕಾಗಿತ್ತು, ಐಟಿ ರಿಟರ್ನ್ ಇದ್ದರೆ ಬೇಗ ಆಗುತ್ತೆ ಅಂತ ಏಜೆಂಟ್ ಒಬ್ಬ 1,500 ತಗೊಂಡು ರಿಟರ್ನ್ ಹಾಕಿಸಿದ. ವರ್ಷಕ್ಕೆ 4,80,000 ಆದಾಯ ಅಂತ ಬರೆದ. ನಾನು ಒಂದು ರೂಪಾಯಿ ಟ್ಯಾಕ್ಸ್ ಕಟ್ಟಿಲ್ಲ, ಕಟ್ಟುವಷ್ಟು ದುಡಿದೂ ಇಲ್ಲ. ಬಿಪಿಎಲ್‌ಗೆ ಲಿಮಿಟ್ ವರ್ಷಕ್ಕೆ 1,20,000. ಅವರ ಕಂಪ್ಯೂಟರಲ್ಲಿ ನನ್ನದು 4,80,000. 2024ರ ಸೆಪ್ಟೆಂಬರಲ್ಲಿ ಹೆಂಡತಿ ಅಕ್ಕಿ ತರೋಕೆ ಹೋದಾಗ ನಿಮ್ಮ ಕಾರ್ಡ್ ಸಸ್ಪೆಂಡ್ ಆಗಿದೆ ಅಂದರು. ಖಾಲಿ ಚೀಲ ಮಡಚಿಕೊಂಡು ವಾಪಸ್ ಬಂದಳು.

ಅವತ್ತಿಂದ ಒಂಬತ್ತು ಸಲ ಆಫೀಸಿಗೆ ಅಲೆದೆ. ಒಂದು ಸಲ ಹೋದರೆ ಆ ದಿನದ ದುಡಿಮೆ 800 ಹೋಯಿತು, ಅಲ್ಲಿಗೆ 7,200. ಡೀಸೆಲ್ ಸಲಕ್ಕೆ 150ರಂತೆ 1,350. ಜೆರಾಕ್ಸ್, ಅರ್ಜಿ, ಅಫಿಡವಿಟ್ ಎಲ್ಲ ಸೇರಿ 640. ಏಜೆಂಟಿಗೆ ಕೊಟ್ಟ 1,500 ಸೇರಿಸಿದರೆ 10,690. ಮೂರು ತಿಂಗಳು ಐದು ಜನರ ಅಕ್ಕಿ 75 ಕೆಜಿ ಹೋಯಿತು. ಆಗ ಇನ್ನೈದು ಕೆಜಿ ಬದಲು ತಲೆಗೆ 170 ರೂಪಾಯಿ ಅಕೌಂಟಿಗೆ ಹಾಕುತ್ತಿದ್ದರು, ಅದೂ 2,550 ಹೋಯಿತು. ನವೆಂಬರಲ್ಲಿ ರಾಜ್ಯದ ತುಂಬ ಗಲಾಟೆ ಆಗಿ, ಟ್ಯಾಕ್ಸ್ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಆದೇಶ ಆಯಿತಲ್ಲ, ಆಮೇಲೆ ನನ್ನದು ಬಂತು. ಲೋನಿಗೆ ಅಂತ ಯಾರೂ ಸುಳ್ಳು ಆದಾಯ ಬರೆಸಬೇಡಿ.

ಹಾಲಿನ ಮನೆ

ನಾನು ಈ ಬಿಪಿಎಲ್ ಹಿಂದೆ ಓಡುವುದನ್ನು ಬಿಟ್ಟು ನೆಮ್ಮದಿಯಾಗಿದ್ದೇನೆ. ನಮಗೆ ಎಂಟು ಎಕರೆ ಖುಷ್ಕಿ ಇದೆ, ಏಳೂವರೆ ಎಕರೆ ದಾಟಿದರೆ ಬಿಪಿಎಲ್ ಇಲ್ಲ. ಮಳೆ ಬರದಿದ್ದರೆ ಆ ಎಂಟು ಎಕರೆಯಲ್ಲಿ ಏನೂ ಇಲ್ಲ, ಅದು ಬೇರೆ ಮಾತು. ಡೈರಿಗೆ ಹಾಲು ಹಾಕುತ್ತೇವೆ, ಸಂಘದಲ್ಲಿ ಮೆಂಬರ್. ಸಹಕಾರ ಸಂಘದ ಮೆಂಬರ್‌ಗಳಿಗೆ ಯಶಸ್ವಿನಿ ಅಂತ ಆರೋಗ್ಯ ಯೋಜನೆ ಇದೆ, ಅದು ಮತ್ತೆ ಶುರುವಾದ ವರ್ಷವೇ ನಾಲ್ಕು ಜನಕ್ಕೆ 500 ರೂಪಾಯಿ ಕಟ್ಟಿದೆ. ಹಳ್ಳಿಯವರಿಗೆ 500, ಪೇಟೆಯವರಿಗೆ 1,000. ಅದರಲ್ಲೂ ವರ್ಷಕ್ಕೆ ಐದು ಲಕ್ಷದ ತನಕ ಇದೆ.

ಕಳೆದ ವರ್ಷ ನಮ್ಮ ಯಜಮಾನರಿಗೆ ಬೆಳಗಿನ ಜಾವ ಹಾಲು ಕರೆಯುತ್ತಿದ್ದಾಗ ಎದೆ ಹಿಡಿದುಕೊಂಡಿತು. ಕೊಟ್ಟಿಗೆಯಲ್ಲಿ ಬಕೆಟ್ ಉರುಳಿದ ಸದ್ದಿಗೆ ನಾನು ಓಡಿದೆ. ಎರಡು ಸ್ಟೆಂಟ್ ಹಾಕಿದರು. ಪಟ್ಟಿಯಲ್ಲಿದ್ದ ಆಸ್ಪತ್ರೆಗೇ ಹೋದೆವು, ಯಶಸ್ವಿನಿ ಕಾರ್ಡ್ ಮತ್ತು ಆಧಾರ್ ಕೊಟ್ಟೆವು. ಊಟ, ಓಡಾಟ, ಮನೆಗೆ ಬಂದ ಮೇಲಿನ ಮಾತ್ರೆ ಬಿಟ್ಟರೆ ಕೈಯಿಂದ ಹೋಗಿದ್ದು ಏನಿಲ್ಲ. ಪ್ರತಿ ವರ್ಷ ಹೆಸರು ಹೊಸದಾಗಿ ಬರೆಸಬೇಕು, ಕೊನೇ ದಿನ ತಪ್ಪಿದರೆ ಆ ವರ್ಷ ಹೋಯಿತು. ನಾನು ರಸೀದಿಯನ್ನು ಪಂಚಾಂಗದೊಳಗೆ ಇಡುತ್ತೇನೆ, ಮರೆಯಲೇಬಾರದು ಅಂತ. ಸರ್ಕಾರಿ ಕಚೇರಿ ಮುಂದೆ ಕೈ ಕಟ್ಟಿ ನಿಲ್ಲುವುದಕ್ಕಿಂತ ಇದು ಮೇಲು.

ಕೊಪ್ಪಳದ ಮಗ

ಮೇಡಂ, ಎಂಟು ಎಕರೆ ಇರುವವರು ಕೈ ಕಟ್ಟಿ ನಿಲ್ಲಬೇಕಾಗಿಲ್ಲ ಬಿಡಿ. ಪ್ರಶ್ನೆ ಕೇಳಿದವರು ಯಜಮಾನರು ಟೈಲರ್ ಅಂತ ಬರೆದಿದ್ದಾರೆ. ಟೈಲರ್ ಯಾವ ಡೈರಿಗೆ ಹಾಲು ಹಾಕಬೇಕು?

ನನ್ನ ಕಥೆ ಕೇಳಿ. ನಮ್ಮದು ಸರಿಯಾದ ಬಿಪಿಎಲ್. ಅಪ್ಪನ ಆಯುಷ್ಮಾನ್ ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೆವು. ಐದು ಲಕ್ಷ ಇದೆ ಅಂತ ಧೈರ್ಯ. ಕಿಡ್ನಿಯಲ್ಲಿ ಗಡ್ಡೆ ಅಂತ ಗೊತ್ತಾದಾಗ ಗಾಬರಿಯಲ್ಲಿ ಸೀದಾ ದೊಡ್ಡ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಡ್ಮಿಟ್ ಮಾಡಿಕೊಳ್ಳುವಾಗ 'ಕಾರ್ಡ್ ಇದೆ ಅಲ್ವಾ, ಆಮೇಲೆ ನೋಡೋಣ' ಅಂದರು. ಬಿಲ್ ಕೊಡುವಾಗ 'ರೆಫರಲ್ ಲೆಟರ್ ಎಲ್ಲಿ' ಅಂದರು. ಸರ್ಕಾರಿ ಆಸ್ಪತ್ರೆಯವರು ಈ ಚಿಕಿತ್ಸೆ ನಮ್ಮಲ್ಲಿ ಆಗಲ್ಲ ಅಂತ ಬರೆದುಕೊಟ್ಟರೆ ಮಾತ್ರ ಖಾಸಗಿಯಲ್ಲಿ ಆಯುಷ್ಮಾನ್ ನಡೆಯುತ್ತದೆ. ಎಮರ್ಜೆನ್ಸಿ ಪಟ್ಟಿಯಲ್ಲಿ ಇರುವುದಕ್ಕೆ ಮಾತ್ರ ಬೇಕಾಗಿಲ್ಲ. ಇದನ್ನು ನನಗೆ ಮೊದಲ ದಿನ ಯಾರೂ ಹೇಳಲಿಲ್ಲ.

ಡೆಪಾಸಿಟ್ ಅಂತ ಕಟ್ಟಿದ್ದು 60,000, ಅದು ಸೇರಿಸಿ ಒಟ್ಟು 2,14,000 ಆಯಿತು. ಔಷಧಿ ಒಂದೇ 41,500. ಅಮ್ಮ ಬಿಲ್ ಕೌಂಟರ್ ಪಕ್ಕದ ಕುರ್ಚಿಯಲ್ಲಿ ಕೂತು ಬಳೆ ಬಿಚ್ಚೋಕೆ ನೋಡುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಹಾಕಿದ್ದ ಬಳೆ, ಕೈ ದಪ್ಪ ಆಗಿತ್ತು, ಬರಲಿಲ್ಲ. ಬಾತ್‌ರೂಮಿಗೆ ಹೋಗಿ ಸೋಪು ಹಚ್ಚಿ ತೆಗೆದು ತಂದಳು. ಮಣಿಕಟ್ಟು ಕೆಂಪಾಗಿತ್ತು. ಆ ಬಳೆ ಇನ್ನೂ ಅಡವಿನಲ್ಲೇ ಇದೆ. ಕಟ್ಟಿದ ದುಡ್ಡು ವಾಪಸ್ ಬರಲ್ಲ ಅಂತ ಆಮೇಲೆ ತಿಳಿಯಿತು.

ಹಾಲಿನ ಮನೆ

ನಿಮ್ಮ ಅಮ್ಮನ ವಿಷಯ ಓದಿ ಬೇಜಾರಾಯಿತು. ಆದರೆ ನನ್ನ ಎಂಟು ಎಕರೆ ಬಗ್ಗೆ ಮಾತಾಡಬೇಡಿ. ಮೂರು ವರ್ಷದಲ್ಲಿ ಎರಡು ವರ್ಷ ಬಿತ್ತಿದ ಬೀಜವೂ ವಾಪಸ್ ಬಂದಿಲ್ಲ. ಯಶಸ್ವಿನಿಗೆ ಡೈರಿಯೇ ಆಗಬೇಕಾಗಿಲ್ಲ, ಯಾವುದೇ ಸಹಕಾರ ಸಂಘದ ಮೆಂಬರ್ ಆಗಿದ್ದರೂ ನಡೆಯುತ್ತದೆ. ತಿಳಿದುಕೊಂಡು ಬರೆಯಿರಿ.

ಬಳೆ ಅಂಗಡಿ

ಬೇರೆ ಕಾರ್ಡ್ ಮಾಡಿಸುವ ವಿಷಯಕ್ಕೆ ಬರೆಯುತ್ತಿದ್ದೇನೆ, ಯಾಕಂದರೆ ಅದರಲ್ಲಿ ಸುಟ್ಟುಕೊಂಡವಳು ನಾನು.

ಒಂದು ಆಧಾರ್ ಒಂದೇ ಕಾರ್ಡ್‌ನಲ್ಲಿ ಇರಬೇಕು. ಹಾಗಾಗಿ ಹಳೇ ಕಾರ್ಡ್‌ನಿಂದ ಹೆಸರು ತೆಗೆಸದೆ ಹೊಸದಕ್ಕೆ ಅರ್ಜಿ ಹೋಗಲ್ಲ. 2023ರ ಫೆಬ್ರವರಿಯಲ್ಲಿ ಅತ್ತೆ ಮನೆ ಕಾರ್ಡ್‌ನಿಂದ ನಮ್ಮ ನಾಲ್ಕೂ ಜನರ ಹೆಸರು ತೆಗೆಸಿದೆ. ಮುಂದಿನ ವಾರ ಹೊಸದಕ್ಕೆ ಹಾಕೋಣ ಅಂತ ಇದ್ದೆ. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರೋದು ತಡ ಆಯಿತು. ಅಷ್ಟರಲ್ಲಿ ಚುನಾವಣೆ ಬಂತು, ಹೊಸ ಅರ್ಜಿ ನಿಂತೇ ಹೋಯಿತು. ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಹತ್ತೊಂಬತ್ತು ತಿಂಗಳು ನಮಗೆ ಕಾರ್ಡೇ ಇರಲಿಲ್ಲ. ಗೃಹಲಕ್ಷ್ಮಿ ಶುರುವಾದಾಗ ಓಣಿಯ ಹೆಂಗಸರೆಲ್ಲ ಬ್ಯಾಂಕಿಗೆ ಹೋದರು, ನಾನು ಅಂಗಡಿಯಲ್ಲೇ ಕೂತಿದ್ದೆ. ಹದಿಮೂರು ಕಂತು, 26,000. ಒಂದೊಂದು ತಿಂಗಳೂ ಲೆಕ್ಕ ಬರೆದಿಟ್ಟಿದ್ದೇನೆ. ಮಗನಿಗೆ ಡೆಂಗ್ಯೂ ಬಂದಾಗ 27,400 ಕೈಯಿಂದ ಕೊಟ್ಟೆ.

ಕೊನೆಗೆ ನಮ್ಮವರಿಗೆ ಆಪರೇಷನ್ ಅಂತ ಆದಾಗ ಡಾಕ್ಟರ್ ಕೊಟ್ಟ ಪತ್ರ ಹಿಡಿದು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋದೆ. ಚಿಕಿತ್ಸೆಗೆ ಅಂತ ಕೇಳಿದ್ದಕ್ಕೆ ಅರ್ಜಿ ತಗೊಂಡರು, ಮನೆಗೆ ಬಂದು ನೋಡಿಕೊಂಡು ಹೋದರು, ಕಾರ್ಡ್ ಆಯಿತು. ಅದಕ್ಕೇ ಹೇಳುತ್ತಿದ್ದೇನೆ, ಹೊಸ ಅರ್ಜಿ ತೆರೆದಿದೆ ಅಂತ ಖಾತ್ರಿ ಆಗುವ ತನಕ ಯಾರೂ ಹೆಸರು ತೆಗೆಸಬೇಡಿ.

ತೀರ್ಥಹಳ್ಳಿ ಮೊಮ್ಮಗಳು

ಎಲ್ಲರೂ ಅರ್ಜಿ ಅಂತಿದ್ದೀರಿ. ಇದ್ದ ಕಾರ್ಡ್ ಉಳಿಸಿಕೊಳ್ಳೋದೇ ನಮಗೆ ಕಷ್ಟ ಆಯಿತು. ಅಜ್ಜಿ ಒಬ್ಬರೇ ಇರುವುದು, ಅಂತ್ಯೋದಯ ಕಾರ್ಡ್, ತಿಂಗಳಿಗೆ 35 ಕೆಜಿ. ಜೀವನಪೂರ್ತಿ ಅಡಿಕೆ ಸುಲಿದ ಕೈ ಅದು. ಹೆಬ್ಬೆರಳಿನ ರೇಖೆ ಎಲ್ಲ ಸವೆದು ಹೋಗಿದೆ, ಮುಟ್ಟಿದರೆ ನುಣ್ಣಗಿದೆ, ಚೊಗರಿನ ಕಪ್ಪು ಮಾತ್ರ ಇನ್ನೂ ಬಿಟ್ಟಿಲ್ಲ. ಮಿಷನ್ ಮೇಲೆ ಇಟ್ಟರೆ ಪ್ರತಿ ಸಲ ಕೆಂಪು ದೀಪ. ಹತ್ತೂ ಬೆರಳು ನೋಡಿಯಾಯಿತು. ಬಿಸಿನೀರಲ್ಲಿ ಕೈ ಅದ್ದಿ, ಒರೆಸಿ, ಮತ್ತೆ ಇಟ್ಟು ನೋಡಿದರು. ಹಿಂದೆ ನಿಂತವರು ಬೇಗ ಬೇಗ ಅನ್ನುತ್ತಿದ್ದರೆ ಅಜ್ಜಿ ಅಳೋಕೇ ಶುರು ಮಾಡಿದರು. ಮುಂದಿನ ತಿಂಗಳಿಂದ ಹೋಗೋದನ್ನೇ ಬಿಟ್ಟರು, ನಮಗೂ ಹೇಳಲಿಲ್ಲ. ಆರು ತಿಂಗಳು ರೇಷನ್ ತಗೊಂಡಿಲ್ಲ ಅಂತ ಕಾರ್ಡ್ ನಿಲ್ಲಿಸಿದರು. ನಾನು ಬೆಂಗಳೂರಿಂದ ನಾಲ್ಕು ಸಲ ಬಂದೆ, ನಾಲ್ಕು ದಿನದ ಸಂಬಳ ಕಟ್. ಕೊನೆಗೆ ಆಧಾರ್‌ಗೆ ನನ್ನ ಮೊಬೈಲ್ ನಂಬರ್ ಸೇರಿಸಿ ಒಟಿಪಿ ಮೇಲೆ ಕೊಡೋಕೆ ಶುರು ಮಾಡಿದರು. ನಿಮ್ಮ ಅತ್ತೆಯ ಇ-ಕೆವೈಸಿ ಆಗಿದೆಯಾ ನೋಡಿ.

ಲಗೇಜ್ ಆಟೋ

ಅಜ್ಜಿಗೆ ಬೆರಳು ಬರಲ್ಲ ಅಂತ ಅಕ್ಕಿ ಇಲ್ಲ. ನಮ್ಮ ಬೀದಿಯಲ್ಲಿ ಕಾರು ಇಟ್ಟುಕೊಂಡು ಬಿಪಿಎಲ್ ಅಕ್ಕಿ ತಂದು, ಅಂಗಡಿ ಹಿಂದೆಯೇ ಮಾರುವವರಿದ್ದಾರೆ. ಅವರ ಕಾರ್ಡ್ ಯಾರೂ ಮುಟ್ಟಿಲ್ಲ. ಮೊದಲು ಅವರನ್ನು ಹಿಡಿಯಬೇಕು.

ಕೊಪ್ಪಳದ ಮಗ

ಅಣ್ಣ, ಮಾರುವವರೆಲ್ಲ ಕಳ್ಳರಲ್ಲ. ನಮ್ಮ ಕಡೆ ರೊಟ್ಟಿ ಊಟ. 2025ರ ಫೆಬ್ರವರಿಯಿಂದ ತಲೆಗೆ ಹತ್ತು ಕೆಜಿ ಅಕ್ಕಿ ಕೊಡೋಕೆ ಶುರು ಮಾಡಿದರು, ಐದು ಜನಕ್ಕೆ ಐವತ್ತು ಕೆಜಿ. ಅಷ್ಟು ಅನ್ನ ನಾವು ಉಣ್ಣಲ್ಲ. ಪಕ್ಕದ ಮನೆಯವರು ಅಕ್ಕಿ ಕೊಟ್ಟು ಜೋಳ ತಗೊಂಡರೆ ಅದು ತಪ್ಪಾ?

ಲಗೇಜ್ ಆಟೋ

ತಪ್ಪೇ. ಸಿಗದವರು ಇಷ್ಟು ಜನ ಇರುವಾಗ ತಪ್ಪೇ. ನನ್ನ 75 ಕೆಜಿ ಯಾರು ಕೊಡುತ್ತಾರೆ?

ಬಳೆ ಅಂಗಡಿ

ಇಬ್ಬರೂ ಸ್ವಲ್ಪ ನಿಲ್ಲಿಸಿ. ಪಾಪ ಆ ಹೆಣ್ಣುಮಗಳು ಆಪರೇಷನ್ ಅಂತ ಕೇಳಿದ್ದಾಳೆ, ನೀವು ಜೋಳ ಅಕ್ಕಿ ಅಂತ ಕೂತಿದ್ದೀರಿ.

ಕೊಪ್ಪಳದ ಮಗ

ನೀವೂ 26,000 ಲೆಕ್ಕ ಹೇಳಿದಿರಿ ಅಕ್ಕ. ಎಲ್ಲರಿಗೂ ಅವರವರ ನೋವು ಇರುತ್ತದೆ.

ದಾವಣಗೆರೆ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಕೊಪ್ಪಳದ ಅಣ್ಣ ಬರೆದಿದ್ದು ಓದಿ ಇವತ್ತು ಖಾಸಗಿ ಆಸ್ಪತ್ರೆಗೆ ಹೋಗೋದು ನಿಲ್ಲಿಸಿ, ಅತ್ತೆಯನ್ನು ಮೊದಲು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರೇ ಎಲ್ಲ ಬಿಡಿಸಿ ಹೇಳಿದರು. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ 30% ಮಾತ್ರ ಸರ್ಕಾರದ್ದು, ವರ್ಷಕ್ಕೆ ಇಡೀ ಮನೆಗೆ ಒಂದೂವರೆ ಲಕ್ಷದ ತನಕ. ಉಳಿದ 70% ನಮ್ಮದು. ಬಿಪಿಎಲ್ ಇದ್ದರೆ ಪೂರ್ತಿ ಅವರದ್ದು. ರೆಫರಲ್ ಪತ್ರ ಬರೆಸಿಕೊಂಡಿದ್ದೇವೆ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ದೇವರ ಮನೆಯಲ್ಲಿ ಇಟ್ಟಿದ್ದೇನೆ. ಆಂಜಿಯೋಗ್ರಾಮ್ ಗುರುವಾರ.

ಮೈದುನನಿಗೆ ಫೋನ್ ಮಾಡಿದೆ, ನನ್ನ ಹೆಸರು ತೆಗೆಸಿ ಅತ್ತಿಗೆ ಅಂದ. ಅಳುತ್ತಿದ್ದ, ನನ್ನಿಂದ ಅಮ್ಮನಿಗೆ ಹೀಗಾಯಿತು ಅಂತ. ಅವನದ್ದೇನು ತಪ್ಪು, ಕೆಲಸಕ್ಕೆ ಹೋದ ಅಷ್ಟೇ. ಬಳೆ ಅಂಗಡಿ ಅಕ್ಕ ಹೇಳಿದ ಹಾಗೆ ನಾವು ಯಾರೂ ಹೊರಗೆ ಬರಲ್ಲ, ಅವನ ಹೆಸರು ಮಾತ್ರ ತೆಗೆಸುತ್ತೇವೆ. ಆದರೆ ಗ್ರಾಮ ಒನ್‌ನಲ್ಲಿ ಕೇಳಿದರೆ ತಿದ್ದುಪಡಿ ಇನ್ನೂ ಬಿಟ್ಟಿಲ್ಲ ಅಂತಾರೆ. ಯಾರ ಕಡೆಯಾದರೂ ತೆರೆದಿದೆಯಾ?

ಹಾಲಿನ ಮನೆ

ನಮ್ಮಲ್ಲಿ ಮೊನ್ನೆ ಮಧ್ಯಾಹ್ನ ಎರಡು ಗಂಟೆ ಹೊತ್ತು ತೆರೆದಿತ್ತು ಅಂತ ಮಗ ಹೇಳಿದ. ಸರ್ವರ್ ಸ್ಲೋ, ಆರು ಜನರದ್ದು ಮಾತ್ರ ಆಯಿತಂತೆ. ನೀವು ಕಾಯಬೇಡಿ. ಡಾಕ್ಟರ್ ಪತ್ರ, ಮೈದುನನ ಆಧಾರ್ ಜೆರಾಕ್ಸ್ ತಗೊಂಡು ನಾಳೆಯೇ ಆಹಾರ ಶಾಖೆಗೆ ಹೋಗಿ. ಜೊತೆಗೆ ಆಹಾರ ಇಲಾಖೆಯ ಸಹಾಯವಾಣಿ 1967ಕ್ಕೆ ಒಂದು ಫೋನ್ ಮಾಡಿ, ದೂರಿನ ನಂಬರ್ ಬರೆದುಕೊಳ್ಳಿ.

ಬಳೆ ಅಂಗಡಿ

ಬೆಳಿಗ್ಗೆ ಹತ್ತಕ್ಕೇ ಹೋಗಮ್ಮ. ಹನ್ನೊಂದರ ಮೇಲೆ ಹೋದರೆ ಇನ್ಸ್‌ಪೆಕ್ಟರ್ ಸ್ಥಳ ಪರಿಶೀಲನೆಗೆ ಹೋಗಿರುತ್ತಾರೆ, ಮತ್ತೆ ಸಿಗೋದು ಸಾಯಂಕಾಲವೇ. ಅತ್ತೆಯ ಹೆಸರು, ಕಾಯಿಲೆ, ಆಪರೇಷನ್ ತಾರೀಖು ಮೂರೂ ಪತ್ರದಲ್ಲಿ ಇದೆಯಾ ನೋಡಿಕೊ. ನನ್ನ ಪತ್ರದಲ್ಲಿ ತಾರೀಖು ಇರಲಿಲ್ಲ ಅಂತ ಮತ್ತೆ ಆಸ್ಪತ್ರೆಗೆ ಕಳಿಸಿದ್ದರು.