ಹೃದಯಾಘಾತದ ‘ಮುನ್ಸೂಚಕ’: ಮೊದಲಿನದೋ, ಆಮೇಲಿನದೋ?

ಬಳಗದವರಿಗೆ ನಮಸ್ಕಾರ.

ಹೃದಯಾಘಾತವಾಗಿ ಆಸ್ಪತ್ರೆಯಿಂದ ಮನೆಗೆ ಮರಳುವವರಿಗೆ ಕೊಡುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ರಿಡಿಕ್ಟರ್’ ಎಂಬ ಪದದ ಹತ್ತಿರ ಗಾಡಿ ನಿಂತಿದೆ. ‘ಮುನ್ಸೂಚಕ’ ಅಂತ ಬರೆದು ನಮ್ಮ ಮಾವನಿಗೆ ಓದಲು ಕೊಟ್ಟೆ. “ಎಡಗೈ ನೋವು, ಬೆವರು, ಅದೇ ತಾನೆ?” ಅಂದರು. ತಪ್ಪು ಅವರದಲ್ಲ. ಪತ್ರಿಕೆಗಳಲ್ಲಿ ‘ಹೃದಯಾಘಾತದ ಮುನ್ಸೂಚನೆ’ ಅಂದರೆ ಆಘಾತಕ್ಕೆ ಮುಂಚೆ ಕಾಣುವ ಲಕ್ಷಣವೇ. ನನಗೆ ಬೇಕಿರುವುದು ಆಘಾತ ಆದಮೇಲೆ ರೋಗಿ ಹೇಗಿರಬಹುದು ಎಂದು ತಿಳಿಸುವ ಅಂಶಕ್ಕೊಂದು ಹೆಸರು.

ಮಾವನ ರಿಪೋರ್ಟನ್ನೇ ನೋಡಿ. ಆಸ್ಪತ್ರೆಗೆ ಸೇರಿಸಿದ ದಿನ ಶುಗರ್ 212. ಎಚ್‌ಬಿಎ1ಸಿ, ಅಂದರೆ ಎಲ್ಲರ ಬಾಯಲ್ಲಿ ‘ಮೂರು ತಿಂಗಳ ಶುಗರ್’, ಬರೀ 5.8. ಸಕ್ಕರೆ ಕಾಯಿಲೆ ಎನ್ನಲು ಅದು 6.5 ಮುಟ್ಟಬೇಕು, 5.8ಕ್ಕೆ ಸರಾಸರಿ ಶುಗರ್ ಸುಮಾರು 120 ಅಷ್ಟೆ. ಉಳಿದ ಏರಿಕೆ ಆಘಾತದ ಹೊತ್ತಿಗೆ ಉಕ್ಕಿದ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳದು. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಈ ಏರಿಕೆ ದೊಡ್ಡದಿದ್ದರೆ ಮುಂದೆ ಸಾವಿನ ಅಪಾಯ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಇದನ್ನು ‘ಒತ್ತಡದ ಸಕ್ಕರೆ’ ಅಂದರೆ ಓದುವವರು ಆಫೀಸಿನ ಟೆನ್ಷನ್ ಅಂದುಕೊಳ್ಳುತ್ತಾರೆ. ‘ಆಘಾತದೇರು’ ಎಂದು ಗೀಚಿ ನಾನೇ ಹೊಡೆದುಹಾಕಿದೆ.

ಇಂಥ ಅಂಶಗಳ ಜೊತೆ ಬರುವ ‘ಮೆಟಬಾಲಿಸಂ’ಗೆ, ಅಂದರೆ ದೇಹ ಆಹಾರವನ್ನು ಬಳಸಿಕೊಳ್ಳುವ ಕ್ರಿಯೆಗೆ, ‘ಚಯಾಪಚಯ’ವನ್ನು ಮಾತ್ರ ಬಿಡಲಾರೆ. ಚಯ ಕೂಡಿಸುವುದು, ಅಪಚಯ ಒಡೆಯುವುದು. ಮೆಟಬಾಲಿಸಂನ ಎರಡೂ ಮುಖ ಒಂದೇ ಪದದಲ್ಲಿವೆ.

ಆಯುರ್ವೇದದಲ್ಲಿ ಹುಡುಕಿದರೆ ‘ಅರಿಷ್ಟ’ ಸಿಗುತ್ತದೆ, ಚರಕಸಂಹಿತೆಯ ಇಂದ್ರಿಯಸ್ಥಾನದ ತುಂಬ ಅದೇ. ಆದರೆ ಅದು ಸಾವು ಹತ್ತಿರ ಬಂತೆಂಬ ಚಿಹ್ನೆ. 212 ಹಾಗೆ ತೀರ್ಪು ಕೊಡುವುದಿಲ್ಲ, ಅಪಾಯದ ಅಂದಾಜು ಹೇಳುತ್ತದೆ. ಸಾಲದ್ದಕ್ಕೆ ನಮ್ಮಲ್ಲಿ ಅರಿಷ್ಟ ಅಂದರೆ ದಶಮೂಲಾರಿಷ್ಟದ ಬಾಟಲಿ! ‘ಗತಿಸೂಚಕ’ ಕಟ್ಟಬಹುದಿತ್ತು, “ಇನ್ನು ನನ್ನ ಗತಿ?” ಎನ್ನುವ ರೋಗಿಯ ಕೈಗೆ ಅದನ್ನು ಹೇಗೆ ಕೊಡುವುದು? ‘ಚೇತರಿಕೆಯ ಸೂಚಕ’ ಅಂದರೆ ಶುಗರ್ ಏರಿದ್ದೇ ಚೇತರಿಕೆಯ ಗುರುತು ಎಂದಂತಾಗುತ್ತದೆ. ‘ಫಲಿತಾಂಶ’ ಎಸ್ಸೆಸ್ಸೆಲ್ಸಿಗೇ ಇರಲಿ.

ಸದ್ಯಕ್ಕೆ ಒಳಪುಟದಲ್ಲಿ ‘ಮುಂದೆ ಹೇಗಿರಬಹುದೆಂದು ಅಂದಾಜಿಸಲು ನೋಡುವ ಅಳತೆಗಳು’ ಎಂದು ಬರೆದಿದ್ದೇನೆ. ‘ಅಳತೆ’ ಹಿಡಿಸಿತು: ಶುಗರ್, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಇವುಗಳ ಜೊತೆಗೆ ಸೊಂಟದ ಸುತ್ತಳತೆಯೂ ಅದರಡಿ ಕೂರುತ್ತದೆ. ತಲೆಬರಹಕ್ಕೆ ಇಷ್ಟುದ್ದ ಹಿಡಿಸದು. ‘ಮುನ್ನಂದಾಜಿನ ಅಳತೆ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ವಾರ್ಡಿನಲ್ಲಿ ಕೆಲಸ ಮಾಡುವವರು, ರೋಗಿಯ ಮನೆಯವರಿಗೆ ಇದನ್ನು ಬಾಯಲ್ಲಿ ಏನೆಂದು ಹೇಳುತ್ತೀರಿ?