ಸಹಾಯ ಬೇಕು: ಟೆಕ್ಸಾಸ್‌ನಲ್ಲಿ ಪಿಎ, ಮೇಲ್ವಿಚಾರಣೆ ಡಾಕ್ಟರ್ ಹೊರಟರು

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಾಸ್‌ನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಫಿಸಿಶಿಯನ್ ಅಸಿಸ್ಟೆಂಟ್ (ಪಿಎ), ಅಂದರೆ ಡಾಕ್ಟರ್ ಮೇಲ್ವಿಚಾರಣೆಯಲ್ಲಿ ರೋಗಿಗಳಿಗೆ ಚಿಕಿತ್ಸೆ ಕೊಡುವವರು. ನನ್ನ ಮೇಲ್ವಿಚಾರಣೆಯ ಡಾಕ್ಟರ್ ಈ ತಿಂಗಳ ಕೊನೆಗೆ ನಿವೃತ್ತಿ ಆಗುತ್ತಿದ್ದಾರೆ. ಇಲ್ಲಿ ಪಿಎ ಔಷಧಿ ಬರೆಯಬೇಕಾದರೆ ಡಾಕ್ಟರ್ ಜೊತೆ ಪ್ರಿಸ್ಕ್ರಿಪ್ಟಿವ್ ಅಥಾರಿಟಿ ಅಗ್ರಿಮೆಂಟ್ (ಔಷಧಿ ಬರೆಯುವ ಅಧಿಕಾರ ಕೊಡುವ ಲಿಖಿತ ಒಪ್ಪಂದ) ಇರಲೇಬೇಕು, ವರ್ಷಕ್ಕೊಮ್ಮೆ ಇಬ್ಬರೂ ನೋಡಿ ಸಹಿ ಹಾಕಬೇಕು. ನಮ್ಮದರಲ್ಲಿ ಮುಖ್ಯ ಡಾಕ್ಟರ್ ಇಲ್ಲದಾಗ ಮೇಲ್ವಿಚಾರಣೆ ಮಾಡುವ ಬದಲಿ ಡಾಕ್ಟರ್ ಒಬ್ಬರ ಹೆಸರೂ ಇದೆ.

ಮ್ಯಾನೇಜರ್ "ಬದಲಿ ಇದ್ದಾರಲ್ಲ, ಸುಮ್ನೆ ಮುಂದುವರಿಸಿ" ಅಂತಾರೆ. ನನಗೆ ಧೈರ್ಯ ಬರುತ್ತಿಲ್ಲ. ಪರವಾನಗಿ ನನ್ನದು, ಮ್ಯಾನೇಜರ್‌ದಲ್ಲ ಅಲ್ವಾ! ನನ್ನ ಜೊತೆ ಹೊಸ ಅಗ್ರಿಮೆಂಟ್ ಮಾಡಿಕೊಳ್ಳುತ್ತೀರಾ ಅಂತ ಪಕ್ಕದ ಕ್ಲಿನಿಕ್‌ನ ಡಾಕ್ಟರ್‌ರನ್ನು ಕೇಳಿದೆ. ಒಬ್ಬ ಡಾಕ್ಟರ್ ಇಂಥ ಅಗ್ರಿಮೆಂಟ್ ಮಾಡಿಕೊಳ್ಳಲು ಪಿಎ, ನರ್ಸ್ ಪ್ರಾಕ್ಟೀಷನರ್ (ಔಷಧಿ ಬರೆಯಬಲ್ಲ, ಹೆಚ್ಚಿನ ತರಬೇತಿ ಪಡೆದ ನರ್ಸ್) ಸೇರಿ 7 ಜನರ ಮಿತಿ ಇದೆ, ಅವರ ಬಳಿ ಅದು ಆಗಲೇ ತುಂಬಿದೆಯಂತೆ. ಮೆಡಿಕಲ್ ಬೋರ್ಡ್‌ಗೆ ಎರಡು ಸಲ ಮೇಲ್ ಹಾಕಿದೆ, ಉತ್ತರವಿಲ್ಲ. ಸೋಮವಾರ ಬೆಳಿಗ್ಗೆಗೆ ಬಿಪಿ, ಶುಗರ್ ಮಾತ್ರೆ ಮುಗಿದವರೇ 11 ಜನ ಬರುತ್ತಾರೆ.

ನನ್ನ ಪ್ರಶ್ನೆ ಇಷ್ಟೇ: ಮುಖ್ಯ ಡಾಕ್ಟರ್ ಶಾಶ್ವತವಾಗಿ ಹೋದ ಮೇಲೆ ಹಳೆ ಅಗ್ರಿಮೆಂಟ್‌ನ ಬದಲಿ ಡಾಕ್ಟರ್ ಹೆಸರಲ್ಲಿ ನಾನು ರೀಫಿಲ್ (ಅದೇ ಮಾತ್ರೆ ಮತ್ತೆ) ಬರೆಯಬಹುದಾ? ಅಥವಾ ಹೊಸ ಅಗ್ರಿಮೆಂಟ್‌ಗೆ ಸಹಿ ಬೀಳುವ ತನಕ ಪೆನ್ ಕೆಳಗಿಡಬೇಕಾ? ಟೆಕ್ಸಾಸ್‌ನಲ್ಲಿ ಹೀಗೆ ಆದವರು ಏನು ಮಾಡಿದಿರಿ ಅಂತ ದಯವಿಟ್ಟು ಹೇಳಿ.